ಕೇಳಬೇಕಿತ್ತು

ದಾಕ್ಷಾಯಣಮ್ಮ ಯಾರ ಡಬ್ಬಿಯನ್ನೂ ಕೇಳದೆ ಮಿಷನ್ನಿಗೆ ಸುರಿದವರಲ್ಲ. ನುಣ್ಣಗೆ ಬೇಕೋ ತರಿಯಾಗಿ ಬೇಕೋ, ಈಗಷ್ಟೇ ಮೆಣಸಿನಕಾಯಿ ಹಾಕಿದೆ, ಅದರ ಹಿಂದೆ ನಿಮ್ಮ ಅಕ್ಕಿ ಹಾಕಲೋ ಬೇಡವೋ ಎಂದು ಕೇಳಿಯೇ ಸ್ವಿಚ್ಚು ಒತ್ತುವವರು. ದಟ್ಟಗಳ್ಳಿಯಲ್ಲಿ ಇನ್ನೂ ಸೈಟುಗಳ ಕಲ್ಲಷ್ಟೇ ಕಾಣುತ್ತಿದ್ದ ಕಾಲದಲ್ಲಿ ಅವರ ಹಿಟ್ಟಿನ ಗಿರಣಿ ಶುರುವಾಯಿತು. ಗಂಡ ತೀರಿಕೊಂಡ ಮೇಲೂ ಅದನ್ನೇ ನಂಬಿ ಬಾಳಿದರು. ಮನೆಗಳು ಆಮೇಲೆ ಬಂದವು. ಮನೆಗಳ ಜೊತೆಗೆ, ಗಿರಣಿಯ ಸದ್ದಿಗೆ ತಲೆನೋವು ಬರುವ ಜನರೂ ಬಂದರು.

ಅಂಥವರೊಬ್ಬರು ದೂರು ಕೊಟ್ಟರು. ಕೊಡಲಿ, ಅದು ಅವರ ಹಕ್ಕು. ಆದರೆ ಲೈಸೆನ್ಸ್ ಕೊಡುವ ಕಚೇರಿಯ ಅಧಿಕಾರಿ ನಾಗಾರ್ಜುನ ಮಾಡಿದ್ದೇನು? ಗಿರಣಿಯ ಕಡೆ ತಲೆಯೂ ಹಾಕಲಿಲ್ಲ, ಒಂದು ನೋಟೀಸೂ ಕೊಡಲಿಲ್ಲ. ಕೂತಲ್ಲೇ ಲೈಸೆನ್ಸ್ ರದ್ದು ಮಾಡಿ, ಗುಮಾಸ್ತನನ್ನು ಕಳಿಸಿ ಬೀಗ ಜಡಿಸಿ, ಮೇಲೆ ಸೀಲು ಒತ್ತಿಸಿದರು. ಜನ ಬಿಟ್ಟುಹೋಗಿದ್ದ ರಾಗಿ ಡಬ್ಬಿಗಳು ಒಳಗೇ ಉಳಿದವು.

ದಾಕ್ಷಾಯಣಮ್ಮ ಕಚೇರಿಗೆ ಓಡಿದರು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದರು.

“ನಿಮ್ಮನ್ನ ಯಾಕ್ರೀ ಕೇಳ್ಬೇಕು? ಕೇಳಿ ಅಂತ ಯಾವ ಕಾಯ್ದೇಲಿ ಬರ್ದಿದೆ?” ಅಂದರು ನಾಗಾರ್ಜುನ.

ಎಂಥ ಸೊಕ್ಕು ನೋಡಿ. ಒಬ್ಬರ ಹೊಟ್ಟೆಯ ಮೇಲೆ ಹೊಡೆಯಲು ಈ ಮನುಷ್ಯನಿಗೆ ಒಂದು ಪೆನ್ನು ಸಾಕು, ಕೇಳುವುದಕ್ಕೆ ಮಾತ್ರ ಕಾಯ್ದೆ ಬೇಕಂತೆ.

ನಜರ್‌ಬಾದಿನ ವಕೀಲೆ ಬಿಂದುಶ್ರೀ ಈ ಸಂಗತಿ ತಿಳಿದು ನಕ್ಕುಬಿಟ್ಟರು. ಇಂಗ್ಲೆಂಡಿನಲ್ಲಿ ಸಂವಿಧಾನವನ್ನೇ ಒಂದು ಪುಸ್ತಕವಾಗಿ ಬರೆದಿಟ್ಟಿಲ್ಲ ಎಂದರು. ಅಲ್ಲೂ ನೂರೈವತ್ತು ವರ್ಷಕ್ಕೂ ಹಿಂದೆ ಯಾವುದೋ ಮಂಡಳಿ ಒಬ್ಬನ ಮನೆಯನ್ನು ಹೇಳದೆ ಕೇಳದೆ ಕೆಡವಿತ್ತು. ಕೇಳಬೇಕೆಂದು ಕಾಯ್ದೆಯಲ್ಲಿ ಇರಲಿಲ್ಲ. ಬರೆಯದಿದ್ದರೇನು, ಕೇಳಬೇಕಿತ್ತು ಎಂದೇ ಅಲ್ಲಿನ ನ್ಯಾಯಾಧೀಶರು ತೀರ್ಪು ಕೊಟ್ಟರಂತೆ. ಬರೆದಿಟ್ಟ ಸಂವಿಧಾನವಿರುವ ನಮ್ಮಲ್ಲೂ ಕೋರ್ಟುಗಳು ಅದೇ ಮಾತು ಹೇಳುತ್ತವೆ ಎಂದು ಧೈರ್ಯ ತುಂಬಿದರು.

ಬಿಂದುಶ್ರೀ ಹಾಕಿದ ಅರ್ಜಿಯ ಮೇಲೆ ಬೆಂಗಳೂರಿನ ಹೈಕೋರ್ಟು ಹಾಗೆಯೇ ಹೇಳಿತು. ಆದೇಶ ರದ್ದು, ಅವರನ್ನು ಕೇಳಿ ಹೊಸದಾಗಿ ತೀರ್ಮಾನ ಮಾಡಿ. ಗಿರಣಿ ಇರಬೇಕೋ ಬೇಡವೋ ಅನ್ನುವುದು ಅಧಿಕಾರಿಗೆ ಬಿಟ್ಟದ್ದು, ಅದನ್ನು ನ್ಯಾಯವಾಗಿ ತೀರ್ಮಾನಿಸಿದರೇ ಅನ್ನುವುದನ್ನಷ್ಟೇ ಕೋರ್ಟು ನೋಡುತ್ತದೆ ಎಂದು ಬಿಂದುಶ್ರೀ ಬಿಡಿಸಿ ಹೇಳಿದರು. ಹೊಸ ತೀರ್ಮಾನ ಆಗುವವರೆಗೆ ಬೀಗ ಇದ್ದಂತೆಯೇ ಇರಲಿ ಎಂದಿತು ಕಚೇರಿ.

ವಿಚಾರಣೆಯ ದಿನ ದಾಕ್ಷಾಯಣಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡಿದ್ದರು. ಯಾವ ಹೊತ್ತಿಗೆ ನಿಲ್ಲಿಸುತ್ತೀರಿ ಎಂದರೆ ಕತ್ತಲಾಗುವ ಮೊದಲೇ ಅನ್ನಬೇಕು, ಸದ್ದು ಕಮ್ಮಿಯಾಗುತ್ತದೆಯೇ ಎಂದರೆ ಮೋಟರಿನ ಕೆಳಗೆ ರಬ್ಬರು ಹಾಕಿಸುತ್ತೇನೆ ಅನ್ನಬೇಕು. ಕೋರ್ಟು ಕೇಳಿ ಅಂದಿದೆ, ಅಂದಮೇಲೆ ಪ್ರಶ್ನೆ ಕೇಳಿಯೇ ಕೇಳುತ್ತಾರೆ ಎಂದುಕೊಂಡಿದ್ದರು, ಪಾಪ. ನಾಗಾರ್ಜುನ “ಹೇಳಿ” ಎಂದು ಮೊಬೈಲು ನೋಡುತ್ತಾ ಕೂತರು. ಇವರು ತಡವರಿಸಿ ಎರಡು ಮಾತಾಡಿ, ಮುಂದಿನದನ್ನು ಅವರೇ ಕೇಳಲಿ ಎಂದು ಕಾದರು. ಕೇಳಲಿಲ್ಲ. ಗುಮಾಸ್ತ ಒಂದು ಹಾಳೆ ಮುಂದಿಟ್ಟು ಸಹಿ ಹಾಕಿ ಅಂದ. ‘ಅರ್ಜಿದಾರರನ್ನು ಕೇಳಲಾಗಿದೆ’ ಎಂದು ಮೊದಲೇ ಟೈಪಾಗಿತ್ತು.

“ಎಲ್ ಕೇಳುದ್ರಿ ಸಾರ್?” ಎಂದರು ದಾಕ್ಷಾಯಣಮ್ಮ.

“ಇಷ್ಟೊತ್ತು ಕೇಳ್ತಾನೇ ಇದ್ನಲ್ಲಮ್ಮ.”

“ಅದು ಕಿವಿಗ್ ಬಿದ್ದಿದ್ದು ಸಾರ್. ಕೇಳೋದು ಅಂದ್ರೆ ಬಾಯ್ಬುಟ್ಟು ಕೇಳೋದು. ಒಂದಾದ್ರೂ ಕೇಳುದ್ರಾ ನೀವು?”

ಸಹಿಯ ಮೇಲೆ ‘ನನ್ನನ್ನು ಏನೂ ಕೇಳಲಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಎದ್ದು ಬಂದರು. ಕೆಲವೇ ದಿನಕ್ಕೆ ಹಳೆಯ ಆದೇಶವೇ ಹೊಸ ತಾರೀಕು ಹೊತ್ತು ಬಂತು. ದಾಕ್ಷಾಯಣಮ್ಮ ಮತ್ತೆ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳು ಆ ಸಾಲು ಓದಿ, ಈ ಹೆಂಗಸನ್ನು ಏನೇನು ಕೇಳಿದಿರಿ ಎಂದು ಸರ್ಕಾರಿ ವಕೀಲರನ್ನು ವಿಚಾರಿಸಿದರು. ಅವರು ಫೈಲು ತಿರುವಿದರು, ಅದರಲ್ಲಿ ಒಂದು ಪ್ರಶ್ನೆಯೂ ದಾಖಲಾಗಿರಲಿಲ್ಲ. ಎರಡನೆಯ ಆದೇಶವೂ ಬಿದ್ದುಹೋಯಿತು. ಈ ಸಲ ಬೀಗ ತೆಗೆಯಿರಿ ಎಂದೂ ಕೋರ್ಟು ಸ್ಪಷ್ಟವಾಗಿ ಹೇಳಿತು.

ಸೀಲು ಒಡೆಯಲು ಅದೇ ಗುಮಾಸ್ತ ಬಂದ. ಅಷ್ಟರಲ್ಲಿ ಗಿರಾಕಿಗಳು ಬೇರೆ ಕಡೆ ಹೋಗಿಯಾಗಿತ್ತು, ಒಳಗಿನ ರಾಗಿಗೆ ಹುಳ ಬಿದ್ದು ಬಾಗಿಲಿನ ಸಂದಿಯಿಂದಲೇ ಮುಗ್ಗಲು ವಾಸನೆ ಬರುತ್ತಿತ್ತು. ಅವನು ಸುತ್ತಿಗೆ ಎತ್ತಿದವನು ಯಾಕೋ ನಿಂತು, ಹಿಂದೆ ತಿರುಗಿದ.

“ತೆಗೀಲಾ ಅಮ್ಮ?”

ಆ ಕಚೇರಿಯವರು ದಾಕ್ಷಾಯಣಮ್ಮನವರನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆ ಅದು. ಅಷ್ಟನ್ನು ಕೇಳಿಸಲು ಅವರು ಎರಡು ಸಲ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.