ನೋಡದೇ ನಾಮಂಜೂರು

ಸಮಸ್ತ ನ್ಯಾಯಪ್ರಿಯ ಗೆಳೆಯರೇ, ಗೃಹಾಧಿಪತಿಯಾದ ನಾನು ಇಂದು ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡದೆ ಹೊರಡಿಸಿದ ಆಜ್ಞೆಯನ್ನು ಆಲಿಸಿರಿ. ಮಗಳು ಮುಂದೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದಿ, ಡೊಳ್ಳನ್ನೇ ಹಿಡಿಯುತ್ತೇನೆ ಎಂದಳು.

"ಡೊಳ್ಳು ಗಿಳ್ಳು ಏನೂ ಬ್ಯಾಡ. ನಾಮಂಜೂರು!" ಎಂದೆ.

ಸವಣೂರಿನ ನಮ್ಮ ನೆರೆಮನೆಯವರು, ಉರ್ದು ಶಾಲೆಯ ಶಬಾನಾ ಟೀಚರ್, ಕಟ್ಟೆಯ ಮೇಲಿಂದಲೇ ನಕ್ಕರು.

"ಸರ, ಮಂಜೂರ್ ಅಂದ್ರ ಏನಂತ ಗೊತ್ತೈತೇನ್ರಿ?"

"ಒಪ್ಪಿಗೆ ಅಲ್ಲೇನ್ರಿ ಟೀಚರ್?"

"ಅದು ಆಮ್ಯಾಲಿಂದು. ಅರಬ್ಬಿ ಒಳಗ ಮೊದಲನೇ ಅರ್ಥ 'ನೋಡಿದ್ದು' ಅಂತ. ನಜರ್ ಅಂತೀವಲ್ರಿ, ಅದರ ಮನಿತನದ್ದು. ಕಣ್ಣಿಲೆ ನೋಡಿ ಒಪ್ಪಿದ್ರ ಮಂಜೂರ್. ಅಕಿ ಡೊಳ್ಳು ಹೊಡಿಯೋದು ಒಮ್ಮ್ಯಾದ್ರೂ ನೋಡೀರೇನ್ರಿ?"

ನೋಡಿರಲಿಲ್ಲ.

ಸಂಜೆ, ಮಗಳ ತಂಡ ಡೊಳ್ಳು ಕುಣಿತದ ಅಭ್ಯಾಸ ಮಾಡುವ ಕಾಲೇಜು ಮೈದಾನಕ್ಕೆ ಹೋದೆ. ಹೆಜ್ಜೆಗೊಂದು ಗತ್ತು, ಏಟಿಗೊಂದು ತಾಕತ್ತು! ಸೊಂಟಕ್ಕೆ ಅಷ್ಟು ಭಾರ ಬಿಗಿದುಕೊಂಡು ಹಾರಿ ತಿರುಗುವಾಗಲೂ ನನ್ನ ಮಗಳ ತಾಳ ತಪ್ಪಲಿಲ್ಲ. ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಎದುರು ಬಂದು ನಿಂತಳು.

"ಅಪ್ಪಾ, ಈಗಾದ್ರೂ ಹೇಳು. ಮಂಜೂರೋ, ನಾಮಂಜೂರೋ?"

ಗೃಹಾಧಿಪತಿಗಳು ಕೂಲಂಕಷವಾಗಿ ಪರಿಶೀಲಿಸಿ ಒಪ್ಪಿಗೆ ದಯಪಾಲಿಸಿದರು ಎಂದು ಬರೆಯುವವನಿದ್ದೆ. ಸುಳ್ಳು, ಗೆಳೆಯರೇ. ಅವಳು ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ನನ್ನ ಕಣ್ಣು ನೋಡಿ ಅವಳೇ ಮಂಜೂರು ಮಾಡಿಕೊಂಡಳು.