ಅರ್ಜಿ ಮೇಷ್ಟ್ರ ಮೂರಂತಸ್ತಿನ ಮನೆ

ತಾಲ್ಲೂಕು ಕಚೇರಿ ಜಗಲಿಯ ಎರಡನೇ ಕಂಬದ ಪಕ್ಕ ಕುಂಟುಕಾಲಿನ ಮೇಜೊಂದನ್ನು ಹಾಕಿಕೊಂಡು, ಇಪ್ಪತ್ತೆರಡು ವರ್ಷದಿಂದ ಊರವರ ಅರ್ಜಿ ತುಂಬಿಕೊಡುತ್ತಿದ್ದವರನ್ನು ಎಲ್ಲರೂ ಅರ್ಜಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಓದದೆ ಸಹಿ ಹಾಕಬೇಡ್ರಪ್ಪಾ." ಓದಲು ಬಾರದವರಿಗೂ ಅದನ್ನೇ ಹೇಳುತ್ತಿದ್ದರು.

ಇಂಥ ಮೇಷ್ಟ್ರು ಜನ್ಮದಲ್ಲಿ ಒಂದೇ ಸಲ ಓದದೆ ಸಹಿ ಹಾಕಿದ್ದರು. ಆರು ವರ್ಷದ ಹಿಂದೆ ಅಣ್ಣ ಕಾಗದದ ಕಟ್ಟು ತಂದು, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದು ಬೆರಳಿಟ್ಟು ತೋರಿಸಿದ್ದ. ಅಣ್ಣನದು ಟೈಲ್ಸ್ ಅಂಗಡಿ. ಅದರ ಲಾಭವೆಲ್ಲ ತೆರಿಗೆಯವರ ಕಣ್ಣಿಗೆ ಬೀಳದಿರಲಿ ಎಂದು ಮೂರಂತಸ್ತಿನ ಮನೆಯನ್ನು ತಮ್ಮನ ಹೆಸರಲ್ಲಿ ಕೊಂಡಿದ್ದ. "ನಿನ್ನ ಹೆಸರು ಬೇರೆ, ನನ್ನ ಹೆಸರು ಬೇರೆ ಅಂತಿದೆಯೇನೋ?" ಎಂದಾಗ ಮೇಷ್ಟ್ರು ಮೂರೂ ಕಡೆ ಸಹಿ ಹಾಕಿದ್ದರು. ಅಣ್ಣ ಆ ಮನೆಯಲ್ಲಿ ಸಂಸಾರ ಹೂಡಿದ. ಮೇಷ್ಟ್ರು ತಮ್ಮ ಒಂದೂವರೆ ಕೋಣೆಯ ಬಾಡಿಗೆ ಮನೆಗೆ ವಾಪಸು ಬಂದರು. ಆ ಅರ್ಧ ಕೋಣೆಯಲ್ಲೇ ಅಡುಗೆ, ಅಲ್ಲೇ ಮಗಳ ಓದು.

ಹಾಗೆ ಒಲೆ ಪಕ್ಕ ಕೂತು ಓದಿದ ಮಗಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಸು ಕೇಳಿದರೆ ಎದೆ ಧಸಕ್ಕೆನ್ನುವಂತಿತ್ತು, ಆದರೆ ಬಡ ಮಕ್ಕಳಿಗೆ ಕಾಲೇಜೇ ನೆರವು ಕೊಡುತ್ತಿತ್ತು. ಆ ಅರ್ಜಿಯನ್ನು ಮೇಷ್ಟ್ರು ಮುತ್ತು ಪೋಣಿಸಿದ ಹಾಗೆ ತುಂಬಿದರು. 'ಸ್ವಂತ ಮನೆ' ಎಂಬಲ್ಲಿ ಕೈ ತನ್ನ ರೂಢಿಯಂತೆ 'ಇಲ್ಲ' ಎಂದು ಬರೆಯಿತು.

ಕಾಲೇಜಿನ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಕಂಪ್ಯೂಟರ್ ನೋಡಿದಳು. ಆಮೇಲೆ ಕನ್ನಡಕ ಇಳಿಸಿ ಮೇಷ್ಟ್ರನ್ನು ನೋಡಿದಳು.

"ಮೂರಂತಸ್ತಿನ ಮನೆ ಇದೆಯಲ್ರೀ?"

"ಅದು ನಮ್ಮಣ್ಣಂದು, ಮೇಡಂ. ಹೆಸರು ಮಾತ್ರ ನಂದು."

"ನಮಗೆ ಬೇಕಾಗಿರೋದೂ ಹೆಸರು ಮಾತ್ರ." ಸಾಲಿನ ಕೊನೆಯವರಿಗೂ ಕೇಳಲೆಂದು ದನಿ ಏರಿಸಿದಳು. "ಮೂರು ಮಹಡಿ ಇಟ್ಕೊಂಡು ಬಡವರ ದುಡ್ಡಿಗೆ ಕೈ ಚಾಚ್ತೀರಲ್ಲ, ನಾಚಿಕೆ ಆಗಲ್ವಾ? ಸೋಮವಾರದೊಳಗೆ ಫೀಸು ಕಟ್ಟಿ. ಇಲ್ಲ, ಸೀಟು ಬಿಡಿ."

ಸಾಲಿನಲ್ಲಿ ಮೇಷ್ಟ್ರ ಕೈಯಲ್ಲೇ ಅರ್ಜಿ ಬರೆಸಿಕೊಂಡಿದ್ದ ಇಬ್ಬರಿದ್ದರು. ಇಬ್ಬರೂ ಚಾವಣಿ ನೋಡಿದರು. ಮೇಷ್ಟ್ರ ಕಿವಿ ಕಾದ ಹಂಚಾಯಿತು.

ಹೊರಗೆ ಬಂದವರೇ ಅಣ್ಣನಿಗೆ ಫೋನ್ ಮಾಡಿದರು. "ಮನೆ ನಿನ್ನ ಹೆಸರಿಗೆ ಮಾಡ್ಕೋ."

"ಈಗ ಮಾಡ್ಕೊಂಡ್ರೆ ದುಡ್ಡು ಎಲ್ಲಿಂದ ಬಂತು ಅಂತಾರೋ!"

"ಹಾಗಾದ್ರೆ ಫೀಸು ಕಟ್ಟು."

"ಕೈ ಬಿಗಿಯಾಗಿದೆ ಕಣೋ. ಹೆಣ್ಣುಮಗು, ಒಂದು ವರ್ಷ ತಡವಾದ್ರೆ ಏನು ಗಂಟು ಹೋಗುತ್ತೆ? ಅಡ್ಜಸ್ಟ್ ಮಾಡ್ಕೋ."

ಆರು ವರ್ಷದಲ್ಲಿ ಬಾರದ ಸಿಟ್ಟು ಆ ಒಂದು ಮಾತಿಗೆ ನೆತ್ತಿಗೇರಿತು. ಮೇಷ್ಟ್ರು ಸಿಟ್ಟು ಬಂದರೂ ಬರೆಯುವ ಜಾತಿ. ಆ ಸಂಜೆ ಒಂದೇ ಕಾಗದವನ್ನು ಮೂರು ಪ್ರತಿ ಬರೆದರು. ಪೆನ್ನಿನ ಮೊನೆ ಎರಡು ಕಡೆ ಕಾಗದ ತೂರಿಹೋಯಿತು.

ಭಾನುವಾರ ಅಣ್ಣ ಬನಿಯನ್ನಿನಲ್ಲಿ ಕಾರು ತೊಳೆಯುತ್ತಿದ್ದಾಗ ಗೇಟಿನ ಮುಂದೆ ಕೈಗಾಡಿ ನಿಂತಿತು. ಅದರ ಮೇಲೆ ಟ್ರಂಕು, ಸುತ್ತಿದ ಹಾಸಿಗೆ, ಕುಂಟು ಮೇಜು. ಹಿಂದೆ ಮೇಷ್ಟ್ರು, ಅವರ ಹೆಂಡತಿ, ಪುಸ್ತಕದ ಚೀಲ ಹೊತ್ತ ಮಗಳು.

"ಏನೋ ಇದು ಮೆರವಣಿಗೆ?"

"ನಮ್ಮನೆಗೆ ಬಂದ್ವಿ, ಅಣ್ಣಾ."

ಹೆಂಡತಿ ಆಗಲೇ ಒಳಗೆ ಕಾಲಿಟ್ಟಿದ್ದಳು. "ಅಕ್ಕಾ, ಅಡುಗೆಮನೆ ಯಾವ ಕಡೆ?"

"ತಮಾಷೆ ಸಾಕು," ಅಣ್ಣ ಗದರಿದ.

"ತಮಾಷೆ ಮಾಡಿದ್ದು ನೀನು. ಸಾಲಿನಲ್ಲಿ ನಿಂತು ಕಳ್ಳ ಅನ್ನಿಸಿಕೊಂಡಿದ್ದು ನಾನು!" ಮೇಷ್ಟ್ರು ಕಾಗದ ಚಾಚಿದರು. "ಮನೆ ನಿಂದು, ದುಡ್ಡು ನಿಂದು, ಹೆಸರು ಮಾತ್ರ ನಂದು ಅಂತ ಬರೆದಿದೀನಿ. ಸಹಿ ಹಾಕು. ಒಂದು ಪ್ರತಿ ಕಾಲೇಜಿಗೆ, ಒಂದು ತೆರಿಗೆ ಕಚೇರಿಗೆ, ಒಂದು ನನಗೆ. ಸಹಿ ಹಾಕಲ್ವಾ? ಹಾಗಾದ್ರೆ ಮನೆ ನಂದು. ಆರು ವರ್ಷದ ಬಾಡಿಗೆ ಎಣಿಸು. ಓದಿಯೇ ಹಾಕು, ನಾನು ಓದದೆ ಹಾಕಿ ಕೆಟ್ಟೆ."

ತಮ್ಮನ ಅಕ್ಷರವನ್ನು ಅಣ್ಣ ಅಂದು ಮೊದಲ ಬಾರಿಗೆ ಕೊನೆಯ ಸಾಲಿನವರೆಗೆ ಓದಿದ. ತೆರಿಗೆ ಕಚೇರಿಯ ವಿಳಾಸ ಬಂದಲ್ಲಿ ಬೆರಳಿಟ್ಟು ನಿಂತ. ಕಾರಿನ ಪೈಪು ನೀರು ಸುರಿಯುತ್ತಲೇ ಇತ್ತು.

"ಮೊದಲು ಚೆಕ್ ಬರೀರಿ," ಅತ್ತಿಗೆ ಬಾಗಿಲಿಂದ ಹಲ್ಲು ಕಡಿದಳು. "ಆಚೆಮನೆಯವರು ಕುರ್ಚಿ ಹಾಕ್ಕೊಂಡು ನೋಡ್ತಿದಾರೆ!"

ಅಣ್ಣ ಕಾಲೇಜಿನ ಹೆಸರಿಗೆ ಆ ವರ್ಷದ ಫೀಸಿನ ಚೆಕ್ ಬರೆದು, ತಮ್ಮನ ಕೈಗೆ ಕೊಡದೆ ಟ್ರಂಕಿನ ಮೇಲೆಸೆದ. "ತಗೊಂಡು ತೊಲಗು. ಇನ್ಮೇಲೆ ಈ ಮನೆ ಹೊಸಿಲು ತುಳೀಬೇಡ."

"ಯಾರ ಮನೆ ಹೊಸಿಲು, ಅಣ್ಣಾ?"

ಮೇಷ್ಟ್ರು ಚೆಕ್ಕನ್ನು ಮಗಳ ಕೈಗಿತ್ತು, ಟ್ರಂಕಿನ ಮೇಲೆ ಕೂತು ರಸೀದಿ ಪುಸ್ತಕ ತೆಗೆದರು. 'ಮನೆ ಬಾಡಿಗೆ ಬಾಬ್ತು, ಆರರಲ್ಲಿ ಒಂದನೇ ವರ್ಷ' ಎಂದು ಬರೆದರು. ಎರಡು ಸಲ ಓದಿದರು. ಆಮೇಲೆಯೇ ಸಹಿ ಹಾಕಿ, ಹರಿದು ಅಣ್ಣನಿಗೆ ಕೊಟ್ಟರು.