ಕೊನೆಯ ಗಂಟಿನ ಕೆಂಪು ದಾರ

ಬೆಳಗಿನ ಆರು ಗಂಟೆ. ಪೂರ್ವದ ಕಿಟಕಿಯಿಂದ ಬಂದ ಬಿಸಿಲು ಇನ್ನೂ ನೆಲ ಮುಟ್ಟಿಲ್ಲ, ಮೇಜಿನ ಅಂಚಿಗೆ ಬಂದು ನಿಂತಿದೆ. ಅದೇ ಅಂಚಿಗೆ ಮೊಣಕೈ ಊರಿ ಕೂತಿರುವ ಅರವತ್ತಾರರ ಬೈಂಡರು ದಾರವನ್ನು ಜೇನುಮೇಣದ ಗಟ್ಟಿಯ ಮೇಲೆ ಮೂರು ಸಲ ಎಳೆಯುತ್ತಾರೆ, ಬೆರಳ ನಡುವೆ ಸವರುತ್ತಾರೆ, ಕನ್ನಡಕ ಹಣೆಗೇರಿಸಿ ಸೂಜಿಗೆ ಪೋಣಿಸುತ್ತಾರೆ. ಒಂದೇ ಸಲಕ್ಕೆ ಪೋಣಿಸುತ್ತಾರೆ, ಗಮನಿಸಿ. ನಮ್ಮಲ್ಲಿ ಎಷ್ಟೋ ಮಂದಿಗೆ ಮೂವತ್ತಕ್ಕೇ ಅದು ಆಗುವುದಿಲ್ಲ.

ಪಕ್ಕದಲ್ಲಿ ಹೊಸ ಹಾಳೆಗಳ ಕಟ್ಟು ಎದೆಮಟ್ಟ ಪೇರಿಸಿದೆ. ಇವತ್ತು ಅವರು ಅದರ ಕಡೆ ತಿರುಗಿಯೂ ನೋಡಿಲ್ಲ. ಮುಂದಿರುವುದು ಬಳಸಿದ ನೋಟ್‌ಪುಸ್ತಕ. ಅದರ ಬೆನ್ನಿನ ಬಟ್ಟೆಯನ್ನು ಯಾರೋ ಬ್ಲೇಡಿನಿಂದ ಮೇಲಿಂದ ಕೆಳತನಕ ಸೀಳಿದ್ದಾರೆ. ಸೀಳಿದವರನ್ನು ಬೈದುಕೊಂಡು ಕೂರಬೇಕಿದ್ದ ಮನುಷ್ಯ ಒಳಗೊಳಗೇ ನಗುತ್ತಿದ್ದಾರೆ. ನಿನ್ನೆ ಸಂಜೆ ಪಾರ್ಸೆಲ್ ಬಿಚ್ಚಿದಾಗಿನಿಂದ ಹೀಗೇ ಇದ್ದಾರೆ ಎಂದು ಅಡುಗೆಮನೆಯಿಂದ ಹೆಂಡತಿಯ ದೂರು ಬರುತ್ತದೆ. ಊಟಕ್ಕೆ ಕೂತಾಗಲೂ ಒಬ್ಬರೇ ನಗುತ್ತಿದ್ದರಂತೆ.

ಇವರು ಮಾಡುವುದು ಕೈಹೊಲಿಗೆಯ ನೋಟ್‌ಪುಸ್ತಕ. ಮಾರುವುದು ಆನ್‌ಲೈನ್ ಮಾರುಕಟ್ಟೆಯಲ್ಲಿ, ಕೈಕೆಲಸದ ವಸ್ತುಗಳಿಗೇ ಮೀಸಲಾದ ವಿಭಾಗದಲ್ಲಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಈ ಮೇಜು, ಗೋಡೆಗೊರಗಿದ ರಟ್ಟು, ಮತ್ತು ಸೊಸೆಯ ಮೊಬೈಲು. ಹೊಲಿಯುವುದು ಮಾವ. ಫೋಟೊ ತೆಗೆಯುವುದು, ವಿವರ ಬರೆಯುವುದು, ಗಿರಾಕಿಗಳ ಪ್ರಶ್ನೆಗೆ ಉತ್ತರಿಸುವುದು, ಹನ್ನೊಂದಕ್ಕೆ ಬರುವ ಕೊರಿಯರ್‌ನವರಿಗೆ ಪೊಟ್ಟಣ ಒಪ್ಪಿಸುವುದು ಎಲ್ಲ ಸೊಸೆ. ಅಂಟು ಕಾಯಿಸುವುದು ಹೆಂಡತಿ. ಮೈದಾ ಹಿಟ್ಟು ಕದಡಿ, ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ, ಗಂಟಾಗದಂತೆ ತಿರುವುತ್ತಲೇ ಇರಬೇಕು. "ಮದುವೆಯಾಗಿ ನಲವತ್ತು ವರ್ಷ ಆಯ್ತು. ಈ ನಾಲ್ಕು ವರ್ಷದಲ್ಲಿ ಅಡುಗೆಗಿಂತ ಅಂಟು ಬೇಯಿಸಿದ್ದೇ ಜಾಸ್ತಿ" ಎನ್ನುತ್ತಾರೆ ಆಕೆ. ಹಾಗೆ ಹೇಳಿದರೂ ಆ ಪಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಹಿಂದೆ ಕೆಲಸ ಮಾಡಿದ ಬೈಂಡಿಂಗ್ ಅಂಗಡಿಯಲ್ಲಿ ಇವರಿಗೆ ಸ್ಕೇಲಪ್ಪ ಎಂದು ಅಡ್ಡಹೆಸರು. ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಹೊಲಿಯುತ್ತಾರೆಂದು ಜೊತೆಯವರು ಇಟ್ಟದ್ದು. ಮನೆಯವರ ಬಾಯಲ್ಲೂ ಈಗ ಅದೇ ಉಳಿದಿದೆ. ಆ ಅಂಗಡಿಯಲ್ಲಿ ಉದ್ದನೆಯ ಒಂದೇ ಮೇಜಿಗೆ ಹನ್ನೆರಡು ಜನ ಕೂತು ಕಚೇರಿಗಳ, ಆಸ್ಪತ್ರೆಗಳ ದಪ್ಪ ದಪ್ಪ ರಿಜಿಸ್ಟರು ಹೊಲಿಯುತ್ತಿದ್ದರು. ಮೇಸ್ತ್ರಿ ಮಹಾ ಖಡಕ್ಕು. ಹನ್ನೆರಡು ಜನಕ್ಕೆ ಹನ್ನೆರಡು ಬಣ್ಣದ ದಾರ ಹಂಚಿದ್ದ. ಹೊಲಿಗೆ ಮುಗಿದು ಕೊನೆಯ ಗಂಟು ಹಾಕುವಾಗ ಅವರವರ ಬಣ್ಣದ ಒಂದಿಂಚು ದಾರ ಸೇರಿಸಿ ಕಟ್ಟಬೇಕು. ಮೇಲೆ ಬೆನ್ನುಬಟ್ಟೆ ಅಂಟಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪುಸ್ತಕ ಕಿತ್ತು ಬಂದಾಗ ಮಾತ್ರ ಕಾಣುತ್ತದೆ, ಯಾರನ್ನು ಬೈಯಬೇಕು ಎನ್ನುವುದು ಮೇಸ್ತ್ರಿಗೆ ತಕ್ಷಣ ತಿಳಿಯುತ್ತದೆ.

ಸ್ಕೇಲಪ್ಪನವರದು ಕೆಂಪು. ವರ್ಷದೊಳಗೆ ವಾಪಸ್ ಬಂದರೆ ಮಂಗಳಾರತಿ. ಹತ್ತು ವರ್ಷ ದುಡಿದು, ಅಂಚು ಸವೆದು, ಪುಟವೆಲ್ಲ ತುಂಬಿ ಬಂದರೆ ಅದೇ ಮೇಸ್ತ್ರಿ ಪುಸ್ತಕವನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ಹಾಗೆ ಬಂದದ್ದನ್ನು ಹೊಲಿದವರೇ ದುರಸ್ತಿ ಮಾಡಬೇಕು, ಹಳೆಯ ದಾರದ ಪಕ್ಕ ಇನ್ನೊಂದು ದಾರ ಕಟ್ಟಬೇಕು. ಹೆರಿಗೆ ಆಸ್ಪತ್ರೆಯ ಒಂದು ಜನನ ರಿಜಿಸ್ಟರು ಇವರ ಕೈಗೆ ಎರಡು ಸಲ ವಾಪಸ್ ಬಂತು. ಮೂರು ಕೆಂಪು ದಾರ ಸಾಲಾಗಿ ನಿಂತದ್ದು ಇವರ ಲೆಕ್ಕದಲ್ಲಿ ಅದೊಂದಕ್ಕೇ. ಅದರ ಮಾತು ಬಂದರೆ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ.

ಆಮೇಲೆ ಕಚೇರಿಗಳಿಗೆ ಕಂಪ್ಯೂಟರು ಬಂತು, ರಿಜಿಸ್ಟರು ಬೇಡವಾಯಿತು, ಅಂಗಡಿಗೆ ಬೀಗ ಬಿತ್ತು. ಎರಡು ವರ್ಷ ಸ್ಕೇಲಪ್ಪ ಮನೆಯಲ್ಲಿ ಸುಮ್ಮನೆ ಕೂತರು. ಸುಮ್ಮನೆ ಎಂದರೆ ನಿಜಕ್ಕೂ ಸುಮ್ಮನೆ. ಮಾತಿಲ್ಲ, ಕತೆಯಿಲ್ಲ, ಕೇಳಿದ್ದಕ್ಕೆ ಹೂಂ ಎನ್ನುವುದು, ಬೀದಿ ಕೊನೆಯವರೆಗೆ ಹೋಗಿ ಬರುವುದು. ಒಂದು ದಿನ ಸೊಸೆ ತನ್ನ ಕಾಲೇಜು ಕಾಲದ ನಿಘಂಟನ್ನು ರದ್ದಿಗೆ ಹಾಕಲು ತೆಗೆದಿಟ್ಟಿದ್ದಳು. ಮಧ್ಯಾಹ್ನ ನೋಡಿದರೆ ಅದು ಹೊಸ ಬೆನ್ನು, ಹೊಸ ರಟ್ಟು ಹೊದ್ದು ಕಪಾಟಿನಲ್ಲಿ ನಿಂತಿದೆ. ಮಾವ ಪಕ್ಕದಲ್ಲಿ ಕೂತು ಎರಡು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡುತ್ತಿದ್ದಾರೆ. ಆ ವಾರವೇ ಅವಳು ಆನ್‌ಲೈನಿನಲ್ಲಿ ಅಂಗಡಿ ತೆರೆದಳು.

ಅದಾಗಿ ನಾಲ್ಕು ವರ್ಷ. ನಾಲ್ಕು ಹಾಳೆ ಮಡಚಿದರೆ ಒಂದು ಕಂತೆ, ಹನ್ನೆರಡು ಕಂತೆಗೆ ಒಂದು ಪುಸ್ತಕ. ಕಂತೆಗೆ ಆರು ತೂತು, ದಬ್ಬಳದಿಂದ ಚುಚ್ಚಿದ್ದು. ದಿನಕ್ಕೆ ನಾಲ್ಕು ಪುಸ್ತಕ ಎಂದರೆ ನೂರ ತೊಂಬತ್ತೆರಡು ಹಾಳೆ, ಇನ್ನೂರ ಎಂಬತ್ತೆಂಟು ತೂತು. ಎಡಗೈ ತೋರುಬೆರಳಲ್ಲಿ ದಾರ ಕೊರೆದ ಒಂದು ಗೀರಿದೆ, ಅದರಲ್ಲಿ ಅಕ್ಕಿಕಾಳು ನಿಲ್ಲಿಸಬಹುದು. ಇಲ್ಲಿಯತನಕ ಸುಮಾರು ನಾಲ್ಕು ಸಾವಿರದ ನಾನೂರು ಪುಸ್ತಕ ಈ ಕೋಣೆಯಿಂದ ಹೊರಗೆ ಹೋಗಿವೆ. ಎಲ್ಲದರ ಬೆನ್ನೊಳಗೂ ಒಂದಿಂಚು ಕೆಂಪು ದಾರವಿದೆ. ಸೊಸೆ ಅದನ್ನು ಹೊರಗೆ ಕಾಣುವ ಹಾಗೆ ಕಟ್ಟಬಾರದೇ, ಗಿರಾಕಿಗಳಿಗೆ ಇಷ್ಟವಾಗುತ್ತದೆ ಎಂದು ಎಷ್ಟೋ ಸಲ ಕೇಳಿದ್ದಾಳೆ. ಅದು ತೋರಿಸೋಕೆ ಇಟ್ಟ ದಾರ ಅಲ್ಲ ಎನ್ನುವುದು ಅವರ ಒಂದೇ ಉತ್ತರ.

ನಾಲ್ಕು ತಿಂಗಳ ಹಿಂದಿನ ಮಾತು. ಒಬ್ಬ ಗಿರಾಕಿ ಅಂಗಡಿಯ ಪುಟದಲ್ಲಿ ಅಭಿಪ್ರಾಯ ಬರೆದಿದ್ದ. ಸೊಸೆ ಗಟ್ಟಿಯಾಗಿ ಓದಲು ಶುರುಮಾಡಿದಳು: "ಇಷ್ಟು ನೇರವಾದ ಹೊಲಿಗೆ ಮನುಷ್ಯರ ಕೈಯಿಂದ ಸಾಧ್ಯವೇ ಇಲ್ಲ." ಸ್ಕೇಲಪ್ಪನವರ ಮುಖ ಊರಗಲ ಆಯಿತು. ಇನ್ನೊಂದು ಸಲ ಓದು ಎಂದರು. ಹೆಂಡತಿಯನ್ನು ಕೂಗಿ ಕರೆದು, ಅವಳಿಗೂ ಕೇಳಿಸು ಎಂದರು. ಸೊಸೆ ಮುಂದಿನ ಸಾಲು ಓದಲಾರದೆ ನಿಂತಳು. ಮುಂದಿನ ಸಾಲು ಹೀಗಿತ್ತು: "ಇದು ಯಂತ್ರದ ಕೆಲಸ, ಕೈಕೆಲಸ ಎಂದು ಮಾರುವುದು ಮೋಸ." ಐದರಲ್ಲಿ ಕೊಟ್ಟ ನಕ್ಷತ್ರ ಒಂದು.

ಎರಡು ದಿನಕ್ಕೆ ಮಾರುಕಟ್ಟೆಯವರ ನೋಟಿಸು ಬಂತು. ಪರಿಶೀಲನೆ ಮುಗಿಯುವತನಕ ಅಂಗಡಿ ಬಂದ್. ಕೈಯಿಂದಲೇ ಮಾಡಿದ್ದು ಎಂಬುದಕ್ಕೆ ಏಳು ದಿನದೊಳಗೆ ಪುರಾವೆ ಕೊಡಬೇಕು, ಇಲ್ಲವಾದರೆ ಶಾಶ್ವತವಾಗಿ ತೆಗೆದುಹಾಕುತ್ತೇವೆ. ನಲವತ್ತು ವರ್ಷ ಸೊಟ್ಟಗಾದರೆ ಬೈಸಿಕೊಂಡವರು ಮೊದಲ ಸಲ ನೆಟ್ಟಗಿದ್ದದ್ದಕ್ಕೆ ಬೈಸಿಕೊಂಡರು. ಸಂಜೆ ಬೀದಿ ಕೊನೆಯತನಕ ಹೋಗಿ ಬಂದು, ಮಾತಾಡದೆ ಮಲಗಿದರು. ಮನೆಯ ಇಬ್ಬರು ಹೆಂಗಸರೂ ಆ ಎರಡು ವರ್ಷ ಮರೆತಿರಲಿಲ್ಲ.

ಸೊಸೆ ಮರುದಿನವೇ ಮಾವನ ಕೈ ಮಾತ್ರ ಕಾಣುವ ಹಾಗೆ ವಿಡಿಯೊ ಮಾಡಿ ಕಳಿಸಿದಳು. ವಿಡಿಯೊದ ವೇಗ ಹೆಚ್ಚಿಸಿದಂತೆ ಕಾಣುತ್ತದೆ ಎಂದು ಮಾರುಕಟ್ಟೆಯವರು ತಿರಸ್ಕರಿಸಿದರು. ಏನು ಹೇಳೋಣ ಅದಕ್ಕೆ! ಮುಖ, ಕೈ ಎರಡೂ ಒಟ್ಟಿಗೆ ಕಾಣಬೇಕು, ನಡುವೆ ನಿಲ್ಲಿಸಬಾರದು ಎಂದು ಷರತ್ತು ಹಾಕಿದರು. ಅಷ್ಟರಲ್ಲಿ ಐದು ದಿನ ಕಳೆದಿತ್ತು.

ಆರನೇ ದಿನ ಸ್ಕೇಲಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ ಬಂದು ಕೂತರು. ಅದೇ ನಿಘಂಟಿಗೆ ಮೊಬೈಲು ಒರಗಿಸಿಟ್ಟಿತ್ತು. ಕ್ಯಾಮೆರಾ ಕಡೆ ನೋಡಬೇಡಿ ಎಂದು ಸೊಸೆ ಹೇಳಿದ್ದೇ ತಪ್ಪಾಯಿತು, ಅವರಿಗೆ ಬೇರೆ ಕಡೆ ನೋಡಲಿಕ್ಕೇ ಆಗಲಿಲ್ಲ. ಫೋಟೊ ಸ್ಟುಡಿಯೊದಲ್ಲಿ ನಿಂತವರ ಹಾಗೆ ಕತ್ತು ಬಿಗಿಹಿಡಿದು ಹೊಲಿದರು. ಮೂರನೇ ಕಂತೆಯಲ್ಲಿ ಸೂಜಿ ತೂತು ಬಿಟ್ಟು ಪಕ್ಕಕ್ಕೆ ಹೊಕ್ಕಿತು. ಹೊಲಿಗೆ ಸೊಟ್ಟಗಾಯಿತು. ಸ್ಕೇಲಪ್ಪನವರ ಹೊಲಿಗೆ!

ಸೊಸೆಗೆ ಒಳಗೇ ಖುಷಿ. ಇದೇ ಬೇಕಿತ್ತು ಎನಿಸಿತು. ಮೆಲ್ಲಗೆ ಹೇಳಿದಳು: "ಮಾವ, ಹಾಗೇ ಬಿಟ್ಬಿಡಿ. ಒಂಚೂರು ಸೊಟ್ಟ ಇದ್ರೇನೇ ಅವರು ನಂಬೋದು."

ಅವರು ಸೂಜಿ ಕೆಳಗಿಟ್ಟರು. "ಸೊಟ್ಟ ಹೊಲಿದು ಕೈಕೆಲಸ ಅಂತ ನಂಬಿಸೋದು ಇದ್ಯಲ್ಲಮ್ಮ, ಮೋಸ ಅಂದ್ರೆ ಅದು."

ಅಷ್ಟು ಹೇಳಿದ ಮೇಲೆ ಮೊಬೈಲು ಇರುವುದೇ ಅವರಿಗೆ ಮರೆತುಹೋಯಿತು. ಇಸ್ತ್ರಿ ಅಂಗಿಯ ತೋಳು ಮೊಣಕೈಗೇರಿತು. ಮೂರನೆಯದನ್ನಷ್ಟೇ ಅಲ್ಲ, ದಾರದ ಬಿಗಿ ಹೋಯಿತೆಂದು ಮೊದಲೆರಡನ್ನೂ ಬಿಚ್ಚಿದರು. ಬಿಚ್ಚುತ್ತ ಬಿಚ್ಚುತ್ತ, ಎಂದೋ ತೀರಿಕೊಂಡ ಮೇಸ್ತ್ರಿಯ ದನಿಯಲ್ಲಿ ತಮ್ಮನ್ನೇ ಬೈದುಕೊಂಡರು: "ಏ ಸ್ಕೇಲಪ್ಪ, ಕಣ್ಣನ್ನ ಮನೇಲಿ ಬಿಟ್ಟು ಬಂದ್ಯಾ? ಅಂಗಿ ಬೇರೆ ಇಸ್ತ್ರಿ!" ಆಮೇಲೆ ಹನ್ನೆರಡು ಕಂತೆಯನ್ನೂ ಹೊಲಿದು, ಕೆಂಪು ದಾರ ಸೇರಿಸಿ ಗಂಟು ಹಾಕಿ, ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಹೊತ್ತೂ ಮೊಬೈಲು ತನ್ನ ಪಾಡಿಗೆ ಓಡುತ್ತಲೇ ಇತ್ತು. ಸೊಸೆ ಆ ಐವತ್ತೆರಡು ನಿಮಿಷವನ್ನು ಒಂದಿಷ್ಟೂ ಕತ್ತರಿಸದೆ ಕಳಿಸಿಬಿಟ್ಟಳು.

ಏಳನೇ ದಿನ ಉತ್ತರವಿಲ್ಲ. ಸ್ಕೇಲಪ್ಪ ಅಂದೂ ಎದ್ದು ನಾಲ್ಕು ಪುಸ್ತಕ ಹೊಲಿದರು, ಯಾರಿಗೆಂದು ಯಾರೂ ಕೇಳಲಿಲ್ಲ. ಎಂಟನೇ ದಿನ ಬೆಳಿಗ್ಗೆ ಅಂಗಡಿ ತೆರೆದಿತ್ತು. ಪರಿಶೀಲನೆ ಪೂರ್ಣಗೊಂಡಿದೆ ಎಂಬ ಒಂದು ಸಾಲು ಬಿಟ್ಟರೆ ಇನ್ನೇನೂ ಇಲ್ಲ. ಕ್ಷಮಿಸಿ ಎನ್ನುವ ಪದವನ್ನು ಸೊಸೆ ಇವತ್ತಿಗೂ ಹುಡುಕುತ್ತಿದ್ದಾಳೆ. ಹೆಂಡತಿ ಮಾತ್ರ ಅಂಟಿನ ಪಾತ್ರೆ ಒಲೆಗಿಟ್ಟು, ಕಣ್ಣೊರೆಸಿಕೊಂಡರು. ಹೊಗೆಯೂ ಇಲ್ಲದ ಒಲೆ ಅದು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ಕೇಲಪ್ಪನವರಿಗೆ ಈ ಆನ್‌ಲೈನ್ ವ್ಯಾಪಾರದ ಮೇಲೆ ಮೊದಲಿನಿಂದ ಒಂದು ಕೊರಗಿತ್ತು. ಹೋದ ಪುಸ್ತಕ ತಿರುಗಿ ಬರುವುದಿಲ್ಲ. ಬಣ್ಣ ಹಿಡಿಸಲಿಲ್ಲ, ಅಳತೆ ಸರಿಹೋಗಲಿಲ್ಲ ಎಂದು ಹೊಸತಾಗೇ ವಾಪಸ್ ಬಂದವು ಬೇಕಾದಷ್ಟಿವೆ. ಬರೆದು, ಸವೆಸಿ, ದುರಸ್ತಿಗೆ ಕಳಿಸಿದವರು ಒಬ್ಬರೂ ಇಲ್ಲ. ನಾಲ್ಕು ಸಾವಿರದ ನಾನೂರರಲ್ಲಿ ಒಂದೂ ಇಲ್ಲ. "ಜನ ಇದ್ರಲ್ಲಿ ಬರೀತಾರೋ, ಇಲ್ಲ ಚಂದ ಇದೆ ಅಂತ ಕಪಾಟಲ್ಲಿ ಇಟ್ಕೋತಾರೋ, ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಸೊಸೆಯನ್ನು ಕೇಳುತ್ತಿದ್ದರು.

ನಿನ್ನೆ ಸಂಜೆಯ ಪಾರ್ಸೆಲ್ಲಿನಲ್ಲಿ ಬಂದದ್ದು ಅಂಥ ಮೊದಲ ಪುಸ್ತಕ. ಕಳಿಸಿದ್ದು ಬೇರೆ ಯಾರೂ ಅಲ್ಲ, ಅದೇ ಒಂದು ನಕ್ಷತ್ರದ ಗಿರಾಕಿ. ಜೊತೆಗೊಂದು ಚೀಟಿ ಇದೆ. "ಯಂತ್ರದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಬೆನ್ನನ್ನು ಬ್ಲೇಡಿನಿಂದ ಸೀಳಿದ್ದು ನಾನೇ. ಒಳಗೆ ಕೊನೆಯ ಗಂಟಿನಲ್ಲಿ ಕೆಂಪು ದಾರ ಕಂಡಿತು, ಯಾಕೆಂದು ತಿಳಿಯಲಿಲ್ಲ. ಹೇಗೂ ಹಾಳಾಯಿತಲ್ಲ ಎಂದು ಇದರಲ್ಲೇ ಬರೆಯುತ್ತಾ ಹೋದೆ. ಈಗ ಹಾಳೆ ಕಳಚುತ್ತಿವೆ. ಬಿಸಾಡಲು ಮನಸ್ಸು ಬರುತ್ತಿಲ್ಲ. ಮತ್ತೆ ಹೊಲಿದು ಕೊಡುತ್ತೀರಾ?"

ಕ್ಷಮೆಯ ಪದ ಇಲ್ಲೂ ಇಲ್ಲ, ನಕ್ಷತ್ರವೂ ಒಂದೇ ಇದೆ ಎಂದು ಸೊಸೆ ಮೂಗು ಮುರಿದಳು. ಸ್ಕೇಲಪ್ಪ ಚೀಟಿಯನ್ನು ಪಕ್ಕಕ್ಕಿಟ್ಟು ಪುಸ್ತಕದ ಅಂಚು ನೋಡಿದರು. ಬರೆದ ಹಾಳೆ ಸ್ವಲ್ಪ ಉಬ್ಬುತ್ತದೆ, ಬರೆಯದ್ದು ಚಪ್ಪಟೆಯಾಗೇ ಇರುತ್ತದೆ. ಅರ್ಧಕ್ಕೆ ಒಂಚೂರು ಕಮ್ಮಿ ತುಂಬಿದೆ ಎಂದು ತೆರೆಯದೆಯೇ ಹೇಳಿದರು. ಒಳಗೇನಿದೆ ಎಂದು ಹೆಂಡತಿ ಇಣುಕಲು ಬಂದಾಗ ಮೇಲೊಂದು ಬಿಳಿ ಹಾಳೆ ಮುಚ್ಚಿದರು. ದುರಸ್ತಿಗೆ ಬಂದ ಪುಸ್ತಕವನ್ನು ಬೈಂಡರು ಓದುವಂತಿಲ್ಲ. ಆ ಜನನ ರಿಜಿಸ್ಟರಿನ ಒಂದು ಹೆಸರನ್ನೂ ಅವರು ಓದಿರಲಿಲ್ಲ.

ಈಗ ಬಿಸಿಲು ಮೇಜಿನ ನಡುವಿಗೆ ಬಂದಿದೆ. ಕಳಚಿದ್ದ ಕಂತೆಗಳನ್ನೆಲ್ಲ ಹೊಲಿದು ಮುಗಿದಿದೆ. ಬ್ಲೇಡು ಬಟ್ಟೆಯನ್ನೂ ನಾಲ್ಕಾರು ಎಳೆ ದಾರವನ್ನೂ ಕತ್ತರಿಸಿತ್ತು, ಹಳೆಯ ಕೊನೆಯ ಗಂಟು ಮಾತ್ರ ಅಲ್ಲಾಡಿರಲಿಲ್ಲ. ಅದನ್ನು ಉಗುರಿನಿಂದ ಒತ್ತಿ ನೋಡಿ, ಸ್ಕೇಲಪ್ಪ ಡಬ್ಬಿಯಿಂದ ಒಂದಿಂಚು ಕೆಂಪು ದಾರ ತೆಗೆದು ಅದರ ಪಕ್ಕಕ್ಕೆ ಕಟ್ಟುತ್ತಾರೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಎರಡು ದಾರ ಅಕ್ಕಪಕ್ಕ ಕೂತಿವೆ. ಸೊಸೆ ಫೋಟೊ ತೆಗೆಯಲು ಮೊಬೈಲು ಎತ್ತುತ್ತಾಳೆ, ಮಾವನ ಮುಖ ನೋಡಿ ಕೆಳಗಿಡುತ್ತಾಳೆ. ಹೆಂಡತಿ ಬಿಸಿ ಅಂಟು ತಂದಿಟ್ಟು ಅಲ್ಲೇ ನಿಲ್ಲುತ್ತಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಸ್ಕೇಲಪ್ಪ, ಹೊಸ ಬಟ್ಟೆಗೆ ಅಂಟು ಸವರಿ, ಬೆನ್ನಿಗೆ ಹೊದಿಸಿ, ಎರಡೂ ದಾರ ಮುಚ್ಚಿಹೋಗುವ ಹಾಗೆ ಹೆಬ್ಬೆರಳಿನಿಂದ ಒತ್ತುತ್ತಾ ಹೇಳುತ್ತಾರೆ:

"ಇನ್ನೂ ನೂರು ಪುಟ ಖಾಲಿ ಇದೆ. ಬರೀಲಿ, ತಿರುವಲಿ, ಚೀಲದಲ್ಲಿ ಹಾಕ್ಕೊಂಡು ಓಡಾಡ್ಲಿ. ಹತ್ತು ವರ್ಷಕ್ಕೆ ಮತ್ತೆ ಕಿತ್ತುಕೊಂಡು ಬರತ್ತೆ. ಆ ಮೂರನೇ ದಾರ ಕಟ್ಟೋಕೆ ನಾನೇ ಇರ್ಬೇಕು, ಅಷ್ಟೆ."